ತಿಮಿಂಗಿಲದ ಬೆನ್ನೆಲುಬು

ನಾಲ್ಕನೇ ತರಗತಿಯ ಪುಸ್ತಕದಲ್ಲಿ ತಿಮಿಂಗಿಲದ ಬಗ್ಗೆ ಒಂದೂವರೆ ಪುಟದ ಪಾಠವೊಂದಿತ್ತು. ನಮ್ಮೂರಿಗೆ ಸಮುದ್ರ ಎಷ್ಟು ದೂರವೆಂದರೆ, ಅದನ್ನು ಕಂಡವರಿರಲಿ, ಕಂಡವರ ಬಾಯಿಂದ ಕೇಳಿದವರೂ ಕಡಿಮೆ. ನಾನೂ ಕಂಡವಳಲ್ಲ. ಹಾಗಾಗಿ ಪಾಠ ಓದಿಸಿ, ಪ್ರಶ್ನೋತ್ತರ ಬರೆಸಿ, ಸದ್ದಿಲ್ಲದೆ ಮುಂದಿನ ಪಾಠಕ್ಕೆ ದಾಟಿಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಕಿಟಕಿಯ ಪಕ್ಕದಿಂದ ಹುಲಿಗೆಮ್ಮ ಎದ್ದು ನಿಂತಳು. ಕಸಬರಿಗೆ ಕಟ್ಟುವ ಈರವ್ವನ ಮಗಳು. ಏನಾದರೂ ಕೇಳುವ ಮೊದಲು ಕತ್ತನ್ನು ಒಂದು ಕಡೆ ವಾಲಿಸಿ ನೋಡುವುದು ಅವಳ ಅಭ್ಯಾಸ.

“ಅಕ್ಕೋರೆ, ಅದು ನಮ್ಮ ಈ ಖೋಲಿಯೊಳಗ ಹಿಡಿಸ್ತೈತೇನ್ರಿ?”

“ಹಿಡಿಸಂಗಿಲ್ಲ.”

“ಅಂಗಳದಾಗ?”

ಎಲ್ಲರೂ ಹೊರಗೆ ಹೋಗಿ ಹಗ್ಗ ಹಿಡಿದು ಅಳೆದೆವು. ಶಾಲೆಯ ಗೋಡೆಯಿಂದ ಬೇವಿನ ಮರದವರೆಗೆ, ಮರದಿಂದ ಗೇಟಿನವರೆಗೆ, ಗೇಟು ದಾಟಿ ಹಿಟ್ಟಿನ ಗಿರಣಿಯ ಕಟ್ಟೆಯವರೆಗೆ. ಪುಸ್ತಕದ ತಿಮಿಂಗಿಲದ ಬಾಲ ಗಿರಣಿಯ ಒಳಗೇ ಹೋಗುತ್ತಿತ್ತು. ಮಕ್ಕಳು ಬಹಳ ಹೊತ್ತು ಆ ಹಗ್ಗವನ್ನೇ ನೋಡುತ್ತ ನಿಂತರು. ಆಮೇಲೆ ಹುಲಿಗೆಮ್ಮನೇ ದಾರಿ ಕಂಡುಹಿಡಿದಳು. “ದೊಡ್ಡದು ಬ್ಯಾಡ್ರೀ. ಮರಿ ಮಾಡೋಣು. ಮರಿ ಗ್ವಾಡಿಯಿಂದ ಬೇವಿನ ಮರದ ತನಕ ಬರ್ತೈತಿ.”

ಮಾಡುವುದೆಂದರೆ ನಿಜವಾಗಿ ಮಾಡುವುದು, ಒಳಗೆ ಹೊಕ್ಕು ಓಡಾಡುವಷ್ಟು. ಸರ್ಕಾರದಿಂದ ಬರುವ ಕಲಿಕಾ ಸಾಮಗ್ರಿಯಲ್ಲಿ ಸೀಮೆಸುಣ್ಣ, ಒಂದು ಭೂಪಟ, ಎರಡು ಸ್ಕಿಪಿಂಗ್ ಹಗ್ಗ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಇಂಥದ್ದಕ್ಕೆಲ್ಲ ನಮ್ಮ ಶಾಲೆ ಊರಿನ ಮುಂದೆಯೇ ಕೈಚಾಚಬೇಕು. ಊರು ಇಲ್ಲವೆಂದದ್ದೂ ಕಡಿಮೆ. ಬೇರೆ ಊರುಗಳಿಗೆ ಹೋಲಿಸಿದರೆ ನಮ್ಮೂರಿನವರಿಗೆ ಕೊಡುವುದು ಒಂದಿಷ್ಟು ಕಷ್ಟದ ಕೆಲಸ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡಬೇಕು.

ನಮ್ಮಲ್ಲಿ ಒಬ್ಬರು ಒಂದು ವಸ್ತುವನ್ನು ಬಿಟ್ಟಿಯಾಗಿ ಇನ್ನೊಬ್ಬರಿಗೆ ಕೊಟ್ಟರೆ, ಅಲ್ಲಿಂದ ಮುಂದೆ ಅದು ಕೊಟ್ಟವರ ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿದರೆ ಕೈಗೆ ಸಿಗುತ್ತದೆ, ಬಡಿದರೆ ಸದ್ದು ಬರುತ್ತದೆ, ಉಳಿದವರೆಲ್ಲರಿಗೂ ಎಂದಿನಂತೆ ಕಾಣುತ್ತದೆ. ಕೊಟ್ಟವರಿಗೆ ಮಾತ್ರ ಇಲ್ಲ. ಮಾರಿದ್ದು ಕಾಣುತ್ತದೆ, ಬಾಡಿಗೆಗೆ ಬಿಟ್ಟಿದ್ದು ಕಾಣುತ್ತದೆ, ಎರವಲು ಹೋದದ್ದೂ ಕಾಣುತ್ತದೆ. ಹತ್ತು ಜನ ಕೂಡಿ ಕೊಟ್ಟರೆ ಹತ್ತು ಜನರಿಗೂ ಕಾಣುವುದಿಲ್ಲ. ನಮ್ಮ ಗಂಡಂದಿರಿಗೆ ಹೆಂಡತಿಯ ಕೊರಳಿನ ತಾಳಿ ಕಾಣದು. ಅದು ಅಡವಿಗೆಂದು ಮಾರವಾಡಿ ಅಂಗಡಿಗೆ ಹೋಗಿದ್ದರೆ ಅವರಿಗೆ ಎಲ್ಲರಿಗಿಂತ ಕೊನೆಯಲ್ಲಿ ತಿಳಿಯುತ್ತದೆ. ಮದುವೆಯ ಮಾತುಕತೆಯಲ್ಲಿ ಯಾರೂ ‘ಹೆಣ್ಣು ಕೊಟ್ಟೆವು’ ಅನ್ನುವುದಿಲ್ಲ. ಬಾಯಿ ತಪ್ಪಿಯೂ ಅನ್ನುವುದಿಲ್ಲ. ನಮ್ಮ ಶಾಲೆಯ ಬೆಂಚುಗಳನ್ನು ಕೊಟ್ಟವರು ಟೇಲರ್‌ಗಳ ಸಂಘದವರು. ಪಾಲಕರ ಸಭೆಗೆ ಬಂದ ಟೇಲರ್‌ಗಳು ಕೂರುವ ಮೊದಲು ಹಿಂದಕ್ಕೆ ಕೈಯಾಡಿಸಿ ಬೆಂಚು ಹುಡುಕುತ್ತಾರೆ. ಮೇಲಿನ ತಗಡು ನಾಲ್ಕಾರು ಓಣಿಯವರು ಸೇರಿ ಹಾಕಿಸಿದ್ದು. ಆ ಓಣಿಯ ತಾಯಂದಿರು ಮಳೆ ಬರುವಾಗ ತರಗತಿಯೊಳಗೆ ನಿಂತಿದ್ದರೆ ಅವರಿಗೆ ಮೋಡವೇ ಕಾಣುತ್ತದೆ. ತಲೆಯ ಮೇಲೆ ಸೆರಗೆಳೆದುಕೊಂಡು, ಒಂದು ಹನಿಯೂ ಬೀಳದ್ದು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಹೀಗೆ ನಾವು ಬದುಕುತ್ತೇವೆ. ಇದರಲ್ಲಿ ದೊಡ್ಡ ಮಾತೇನೂ ಇಲ್ಲ.

ಮಕ್ಕಳು ಓಣಿ ಓಣಿ ತಿರುಗಿದರು. ಮೇದಾರರ ಮನೆಯಿಂದ ಪಕ್ಕೆಲುಬಿಗೆ ಬಿದಿರಿನ ಸೀಳು ಬಂತು. ಕೊಡೆ ರಿಪೇರಿಯವರು ಮೂಲೆಯಲ್ಲಿ ಕೂಡಿಟ್ಟಿದ್ದ ಕಪ್ಪು ಬಟ್ಟೆಯನ್ನೆಲ್ಲ ಚರ್ಮಕ್ಕೆಂದು ಕೊಟ್ಟರು. ಎಣ್ಣೆ ಅಂಗಡಿಯಿಂದ ಹೊಟ್ಟೆಗೆ ಡಬ್ಬಿಯ ತಗಡು. ಈ ಜಾತಿಯ ತಿಮಿಂಗಿಲಕ್ಕೆ ಹಲ್ಲಿರುವುದಿಲ್ಲ, ಬಾಯಲ್ಲಿ ಕುಚ್ಚಿನಂಥ ಜರಡಿ ಇರುತ್ತದೆ ಎಂದು ಪುಸ್ತಕದಲ್ಲಿತ್ತು. ಈರವ್ವ ಅದನ್ನು ಕೇಳಿ ನಕ್ಕು, “ಅಂದ್ರ ಕಸಬರಿಗಿ ಅನ್ರಿ,” ಎಂದು ಒಂದು ಹೊರೆ ಕಸಬರಿಗೆಯನ್ನೇ ತಂದು ಹಾಕಿದಳು. ಹೆಡ್ ಮಾಸ್ತರ ಅಡಿವೆಯ್ಯನವರು ತಮ್ಮ ಮನೆಯ ತೂಗುಮಣೆಯನ್ನು ನಾಲಿಗೆಗೆಂದು ಕೊಟ್ಟರು. ಮಕ್ಕಳು ಬಾಯೊಳಗೆ ಹೊಕ್ಕು ನಾಲಿಗೆಯ ಮೇಲೆ ಕೂತು ಜೀಕಬೇಕೆಂಬುದು ಅವರದೇ ಯೋಚನೆ. ನಾನು ನನ್ನ ಹಳೆಯ ಸೊಳ್ಳೆಪರದೆಯನ್ನು ಕೊಟ್ಟೆ. ತಿಮಿಂಗಿಲದ ನೆತ್ತಿಯಿಂದ ಚಿಮ್ಮುವ ನೀರಾಗಿ ಅದನ್ನು ಮಕ್ಕಳು ಕಟ್ಟಿದರಂತೆ. ಚೆನ್ನಾಗಿದೆ ಅನ್ನುತ್ತಾರೆ.

ಕಣ್ಣಿನದು ಒಂದು ತಮಾಷೆಯಾಯಿತು. ಬಲಗಣ್ಣಿಗೆ ಫೋಟೋ ಸ್ಟುಡಿಯೋದ ಪ್ರಹ್ಲಾದರಾಯರು ಒಂದು ದೊಡ್ಡ ಲೆನ್ಸ್ ಕೊಟ್ಟರು, ಎಡಗಣ್ಣಿಗೆ ಲಾರಿ ಮೆಕ್ಯಾನಿಕ್ ದಸ್ತಗೀರ ಹೆಡ್‌ಲೈಟ್ ಕೊಟ್ಟ. ಇಬ್ಬರೂ ಒಂದೇ ಹೊತ್ತಿಗೆ ನೋಡಲು ಬಂದು, ಇಬ್ಬರೂ ತಮ್ಮ ತಮ್ಮ ಕಣ್ಣಿನ ಕಡೆಗೇ ಮೊದಲು ಹೋಗಿ, ಖಾಲಿ ಗುಳಿ ನೋಡಿ ಮುಂದೆ ಸರಿದರು. ಸ್ವಲ್ಪ ಹೊತ್ತಿನ ಮೇಲೆ ಮೂತಿಯ ಸುತ್ತ ತಿರುಗುವಾಗ ಇಬ್ಬರೂ ಎದುರಾದರು. “ನಿಂದು ಭಾಳ ಛಂದ ಕಾಣ್ತೈತಪ್ಪ,” ಎಂದರು ರಾಯರು. “ನಿಮ್ಮದರಾಗ ನನ್ನ ಮುಖಾನ ತಲೆಕೆಳಗ ಕಾಣ್ತೈತ್ರಿ,” ಎಂದ ದಸ್ತಗೀರ. ಆಮೇಲೆ ಇಬ್ಬರೂ ಜೊತೆಯಾಗಿ ಚಹಾ ಕುಡಿಯಲು ಹೋದರು.

ಉಳಿದದ್ದು ಬೆನ್ನೆಲುಬು. ಗೋಡೆಯ ಮೇಲೊಂದು ತುದಿ, ಬೇವಿನ ಕವಲಿನಲ್ಲಿ ಇನ್ನೊಂದು ತುದಿ ಕೂರುವಷ್ಟು ಉದ್ದದ ತೊಲೆ ಬೇಕು. ಅಷ್ಟು ದೊಡ್ಡದನ್ನು ಒಬ್ಬರೇ ಕೊಡುವವರಿರಲಿಲ್ಲ. ಮನೆಗೊಂದು ಬೋಗುಣಿ ಜೋಳ ಕೂಡಿಸಿ, ಮಾರಿ, ಕಣಿವೆಯಾಚೆಯ ಕಟ್ಟಿಗೆ ಅಡ್ಡೆಯಿಂದ ಕೊಂಡು ತರುವುದೆಂದಾಯಿತು. ಹಾಕುವುದೇ ಆದರೆ ಎಲ್ಲರ ಕೈಯೂ ಸೇರಲಿ ಎಂದವಳು ನಾನು. ಮಕ್ಕಳೂ ತಮ್ಮ ತಮ್ಮ ಮುಷ್ಟಿ ಹಾಕಿದರು, ಮಾಸ್ತರರೂ ಹಾಕಿದರು, ನಾನೂ ಹಾಕಿದೆ. ಊರಿನಲ್ಲಿ ಜೋಳ ಹಾಕದವನು ಒಬ್ಬನೇ, ಸೈಕಲ್ ಶಾಪಿನ ಕರವೀರಪ್ಪ.

ಅವನು ಹಾಕುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತೇ. ಅವನು ಯಾರಿಗೂ ಏನನ್ನೂ ಕೊಟ್ಟವನಲ್ಲ. ಸೈಕಲ್ಲು ಬಾಡಿಗೆಗೆ ಬಿಡುತ್ತಿದ್ದ, ಪಂಕ್ಚರ್ ಹಾಕುತ್ತಿದ್ದ, ಹಳೆಯ ಟೈರ್ ಕೇಳಿದರೂ ಬೆಲೆ ಹೇಳುತ್ತಿದ್ದ. ಮದುವೆಯೂ ಆಗಿರಲಿಲ್ಲ. ತಾಳಿ ಕಟ್ಟುವುದೆಂದರೂ ಕೊಡುವುದೇ ಅಲ್ಲವೇ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಅವನ ಅಂಗಡಿಗೂ ಹೋಗುತ್ತಿದ್ದರು. ಪೇಟೆಯ ಗಡಿಯಾರ ಊರೆಲ್ಲ ಸೇರಿ ಹಾಕಿಸಿದ್ದು, ದೊಡ್ಡವರಲ್ಲಿ ಅದರ ಮುಳ್ಳು ಕಾಣುತ್ತಿದ್ದುದು ಅವನಿಗೊಬ್ಬನಿಗೇ. “ಟೈಮ್ ಎಷ್ಟಾತೋ ಕರವೀರಪ್ಪ?” ಎಂದು ಕೇಳಿದರೆ ನಟ್ಟು ಬಿಗಿಯುವ ಪಾನಾ ಕೆಳಗಿಡದೆ, ಕತ್ತೆತ್ತಿ ನೋಡಿ ಹೇಳುತ್ತಿದ್ದ. ಕೊಟ್ಟ ಕಪಾಟಿನ ಮೇಲೆ ಹೆಸರು ಅಳಿಸಿದೆಯೋ, ಮಗಳಿಗೆ ಹಾಕಿದ ಬಳೆ ಬಣ್ಣಗೆಟ್ಟಿದೆಯೋ, ಕೇಳುವವರು ಕೇಳುತ್ತಿದ್ದರು.

ಮಕ್ಕಳು ಬೋಗುಣಿ ಹಿಡಿದು ನಿಂತಾಗ ಅವನು ಬೈಯಲಿಲ್ಲ. “ಸೈಕಲ್ ಬೇಕಾದ್ರ ತಗೋರಿ, ಬಾಡಿಗಿ ಐತಿ. ಕೊಡೂದು ನನ್ನ ಕಡಿಂದ ಆಗಂಗಿಲ್ಲ,” ಎಂದನಂತೆ. ಹುಲಿಗೆಮ್ಮ ಕತ್ತು ವಾಲಿಸಿ, “ಯಾಕ್ರಿ?” ಎಂದು ಕೇಳಿದಳಂತೆ. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕೂತನಂತೆ.

ತೊಲೆ ಬಂದ ದಿನವೇ ನಮಗೆ ನಮ್ಮ ಬುದ್ಧಿಯ ಅಳತೆ ತಿಳಿದದ್ದು. ಕಣಿವೆಯಾಚೆಯ ಗಾಡಿಯವನು ಗೇಟಿನ ಬಳಿ ಬಂದು, “ಎಲ್ಲಿ ಇಳಿಸಬೇಕ್ರಿ?” ಅಂದ. ಜೋಳ ಹಾಕಿದ ನಮಗೆಲ್ಲ ಖಾಲಿ ಗಾಡಿ ಕಂಡಿತು. ಅವನು ಹೇಳಿದ ಕಡೆ ಹೆಗಲು ಕೊಟ್ಟು, ಗಾಳಿಯನ್ನು ಹೊತ್ತವರಂತೆ ಸಾಲಾಗಿ ನಡೆದು, ಒಬ್ಬರ ಕಾಲು ಒಬ್ಬರು ತುಳಿದು, ಅಂತೂ ಅದನ್ನು ಮೇಲೇರಿಸಿದೆವು. ಗಾಡಿಯವನು ಕೆಳಗೆ ನಿಂತು ‘ಎಡಕ್ಕೆ, ಬಲಕ್ಕೆ’ ಎಂದು ಕೂಗುತ್ತಿದ್ದ. “ಹಸಿ ಮರ ಐತ್ರಿ, ಬಿಸಿಲಿಗೆ ನೋಡ್ಕೋತ ಇರ್ರಿ,” ಎಂದು ಹೇಳಿ ಹೊರಟುಹೋದ. ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಬಿದಿರಿನ ಪಕ್ಕೆಲುಬು ಕಟ್ಟಿ, ಬಟ್ಟೆ ಹೊದಿಸಿ, ತೂಗುಮಣೆ ಇಳಿಬಿಟ್ಟೆವು. ಒಳಗೆ ನಿಂತು ಮೇಲೆ ನೋಡಿದರೆ ಹಗ್ಗದ ಸುತ್ತುಗಳು ಏನನ್ನೋ ಬಿಗಿಯಾಗಿ ಅಪ್ಪಿಕೊಂಡು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಮಕ್ಕಳಿಗೆ ಅದೇ ಬಹಳ ಇಷ್ಟವಾಗಿತ್ತು.

ಊರಿನವರನ್ನೆಲ್ಲ ಕರೆದಿದ್ದ ಕಾರ್ಯಕ್ರಮಕ್ಕೆ ಇನ್ನೊಂದೇ ದಿನ ಉಳಿದಿತ್ತು. ಮಧ್ಯಾಹ್ನ ಹುಲಿಗೆಮ್ಮ ತೂಗುಮಣೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದಳು. “ಅಕ್ಕೋರೆ, ಬರ್ರಿ ಇಲ್ಲೆ,” ಎಂದು ಕರೆದಳು. “ಆ ನಡಕಿನ ಹಗ್ಗ ನೋಡ್ರಿ. ಮೊದಲ ಬಳಿ ಹಂಗ ದುಂಡಗ ಇತ್ತು. ಈಗ ತತ್ತಿ ಹಂಗ ಆಗೈತಿ.”

ನಾನು ನೋಡಿದೆ. ಅವಳು ಹೇಳಿದ್ದು ನಿಜ. ಉಳಿದ ಸುತ್ತುಗಳು ದುಂಡಗಿದ್ದವು. ತೂಗುಮಣೆ ಕಟ್ಟಿದ್ದ ನಡುವಿನ ಎರಡು ಸುತ್ತು ಮಾತ್ರ ಉದ್ದಕ್ಕೆ ಹಿಗ್ಗಿದ್ದವು. ನಾನು ಅವಳನ್ನು ಮಣೆಯಿಂದ ಇಳಿಸಿದೆ. ಹಗ್ಗ ಸಡಿಲಾಗಿರಬಹುದು ಅಂದುಕೊಂಡೆ, ಎಳೆದು ನೋಡಿದರೆ ಹಗ್ಗ ತಂತಿಯಂತೆ ಬಿಗಿದಿತ್ತು. ಒಳಗಿನ ತೊಲೆ ನನಗೆ ಕಾಣುವಂತಿರಲಿಲ್ಲ. ಅವಳ ಕೈ ಹಿಡಿದುಕೊಂಡು ಸೀದಾ ಸೈಕಲ್ ಶಾಪಿಗೆ ಹೋದೆ.

ಕರವೀರಪ್ಪ ಮೊದಲು ಒಪ್ಪಲಿಲ್ಲ. “ನಾ ಜ್ವಾಳ ಹಾಕಿದವ ಅಲ್ರೀ. ಬಂದು ನೋಡಿದ್ರ ಮಂದಿ ಒಂದು ಅಂತಾರ, ನೋಡದಿದ್ರ ಇನ್ನೊಂದು.”

“ನೀವು ಜೋಳ ಹಾಕಿಲ್ಲ ಅಂತನೇ ಕರ್ಯಾಕ ಬಂದೀವಿ,” ಎಂದೆ.

ಅವನು ಕೈ ಒರೆಸಿಕೊಂಡು ಎದ್ದ. ತಿಮಿಂಗಿಲದ ಬಾಯಿಯ ಹತ್ತಿರ ಬಂದು, ಈರವ್ವನ ಕಸಬರಿಗೆಗಳನ್ನು ಸರಿಸಿ, ಬಗ್ಗಿ ಒಳಗೆ ಹೊಕ್ಕ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಒಂದು ಕ್ಷಣ ಅವನು ಬೆನ್ನೆಲುಬನ್ನು ನೋಡಲಿಲ್ಲ. ಪಕ್ಕೆಲುಬು, ಹೊಟ್ಟೆಯ ತಗಡಿನ ಮೇಲೆ ಬಿದ್ದ ಬಿಸಿಲಿನ ಚುಕ್ಕೆ, ನಾಲಿಗೆ, ಎರಡೂ ಕಣ್ಣು, ನೆತ್ತಿಯ ಪರದೆ, ಎಲ್ಲವನ್ನೂ ಒಂದೊಂದಾಗಿ ನೋಡಿದ. ನಮ್ಮಲ್ಲಿ ಒಬ್ಬರಿಗೂ ಅದು ಪೂರ್ತಿಯಾಗಿ ಕಂಡಿರಲಿಲ್ಲ. ಅವನ ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಮೇಲೆ ನೋಡಿದ. ಬಾಯಿ ಮುಚ್ಚಿತು.

“ಹುಡುಗರನ್ನ ಹೊರಗ ಕರೀರಿ,” ಅಂದ.

ತೊಲೆ ಬಿಸಿಲಿಗೆ ಸೀಳಿತ್ತು. ಮರದ ಕಡೆಯಿಂದ ಶುರುವಾಗಿ ನಡುವಿನವರೆಗೆ ಬಿರುಕು ಬಂದಿತ್ತು. ತೂಗುಮಣೆಯ ಹಗ್ಗವಿದ್ದಲ್ಲಿ ಎರಡು ಹೋಳೂ ಬಾಯಿ ಬಿಟ್ಟಿದ್ದವು. ನಾಳೆ ಊರೆಲ್ಲ ಒಳಗೆ ನಿಂತು, ಹತ್ತು ಹುಡುಗರು ಜೀಕಿದರೆ ಅದು ಸಂಜೆಯವರೆಗೆ ತಡೆಯುವುದಿಲ್ಲ ಎಂದ. ಅಷ್ಟರಲ್ಲಿ ಮಾಸ್ತರರು ಬಂದರು, ಅವರ ಹಿಂದೆ ಕುರ್ಚಿ ಹೊಂದಿಸುತ್ತಿದ್ದ ಮೂರ್ನಾಲ್ಕು ಜನ ಪಾಲಕರು. ಸುದ್ದಿ ಕೇಳಿ ಅಡಿವೆಯ್ಯನವರ ಮುಖ ಕೆಂಪಾಯಿತು.

“ಒಂದು ಮುಷ್ಟಿ ಜ್ವಾಳ ಹಾಕದವ ಊರು ಕೊಟ್ಟ ತೊಲಿಗೆ ಹೆಸರಿಡಾಕ ಬಂದಾನೇನು?” ಎಂದರು.

“ನಮ್ಮ ಕಣ್ಣಿಗಿ ಕಾಣಂಗಿಲ್ಲ ಅಂತ ಏನರ ಹೇಳಬಹುದು ಬಿಡ್ರಿ,” ಎಂದು ಪಾಲಕರೊಬ್ಬರು ದನಿಗೂಡಿಸಿದರು.

ಕರವೀರಪ್ಪ ಅವರ ಜೊತೆ ವಾದಕ್ಕಿಳಿಯಲಿಲ್ಲ. ಮೂಲೆಯಲ್ಲಿದ್ದ, ಎರಡೂ ಕಡೆ ಮೆಟ್ಟಿಲಿನ ಏಣಿಯನ್ನು ತಂದು ನಡುವೆ ನಿಲ್ಲಿಸಿದ. “ನನ್ನ ಮಾತು ಬ್ಯಾಡ್ರೀ ಸರ. ಹತ್ತಿ ಕೈ ಹಾಕಿ ನೋಡ್ರಿ,” ಎಂದ. ಮಾಸ್ತರರು ಎಲ್ಲರ ಮುಖ ನೋಡಿ, ಧೋತರ ಎತ್ತಿ ಕಟ್ಟಿ ಹತ್ತಿದರು. ಅವರ ಕೈ ಗಾಳಿಯಲ್ಲಿ ಮೆಲ್ಲಗೆ ಸವರುತ್ತ ಹೋಯಿತು. ಒಂದು ಕಡೆ ನಿಂತಿತು. ಬೆರಳು ಗೆಣ್ಣಿನವರೆಗೆ ಎಲ್ಲಿಗೋ ಇಳಿದದ್ದು ನಮಗೆಲ್ಲ ಕಂಡಿತು. ಬೆರಳು ಹೊರಗೆ ತೆಗೆದರು, ಇನ್ನೊಂದು ಬೆರಳು ಸೇರಿಸಿ ಮತ್ತೆ ಇಳಿಸಿದರು. ಅವರು ಕೆಳಗಿಳಿದು ಧೋತರ ಬಿಟ್ಟುಕೊಂಡರು.

“ನಾಳಿನ ಕಾರ್ಯಕ್ರಮ ಮುಂದಕ್ಕ ಹಾಕ್ರಿ,” ಎಂದರು ನನಗೆ. ಕರವೀರಪ್ಪನ ಕಡೆ ತಿರುಗಿ, “ಏನು ಮಾಡಬೇಕು ಹೇಳಪ್ಪ,” ಎಂದರು.

ಬಂಡಿಗಾಲಿಗೆ ಹಾಕುವಂಥ ಕಬ್ಬಿಣದ ಪಟ್ಟಿ ಬಿಗಿದರೆ ತೊಲೆ ಕೂಡಿಕೊಳ್ಳುತ್ತದೆ ಎಂದ. ಪಟ್ಟಿ ಅವನ ಅಂಗಡಿಯಲ್ಲಿತ್ತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. “ಬಾಡಿಗಿ ಮ್ಯಾಲೆ,” ಎಂದು ಅವನು ನೆಲ ನೋಡುತ್ತ ಹೇಳಿದ. ಅದೇನು ಬಾಡಿಗೆಯೆಂದರೆ, ಪಂಕ್ಚರ್ ನೋಡುವ ತೊಟ್ಟಿಗೆ ದಿನಾ ಬೆಳಿಗ್ಗೆ ನಾಲ್ಕನೇ ತರಗತಿಯ ಮಕ್ಕಳು ಶಾಲೆಯ ಬೋರಿನಿಂದ ನೀರು ತಂದು ತುಂಬಬೇಕು. ಮಕ್ಕಳು ಅಲ್ಲೇ ಕುಣಿದಾಡಿದರು.

ಮರುದಿನ ಪಟ್ಟಿ ಬಡಿಯುವ ಕೆಲಸವನ್ನು ಅವನೇ ಮಾಡಬೇಕಾಯಿತು. ಬಿರುಕು ಕಾಣುತ್ತಿದ್ದುದು ಅವನಿಗೊಬ್ಬನಿಗೇ ತಾನೆ. ಮಾಸ್ತರರು ಏಣಿ ಹಿಡಿದರು. ಮಧ್ಯಾಹ್ನ ಅವನು ಬೇವಿನ ನೆರಳಿನಲ್ಲಿ ಕೂತಾಗ ನಾನು ಮಜ್ಜಿಗೆ ತಂದುಕೊಟ್ಟೆ. ಮಜ್ಜಿಗೆ ಕೊಟ್ಟದ್ದು, ನನಗೆ ಕಾಣಲಿಲ್ಲ. ಲೋಟ ವಾಪಸು ಬರುವಂಥದ್ದು, ಅದು ಕಂಡಿತು. ಅವನು ಖಾಲಿ ಲೋಟವನ್ನೆತ್ತಿ ಗಟಗಟನೆ ಕುಡಿದದ್ದನ್ನು ನೋಡುತ್ತ, ಬಹಳ ದಿನದಿಂದ ಊರಿನವರಿಗೆಲ್ಲ ಇದ್ದ ಕುತೂಹಲವನ್ನು ನಾನು ಕೇಳಿಯೇಬಿಟ್ಟೆ. ಯಾಕೆ ಹೀಗೆ?

ಅವನು ಮೀಸೆ ಒರೆಸಿಕೊಂಡ. “ನಮ್ಮವ್ವ ಎಲ್ಲಾ ಕೊಟ್ಟಾಕಿರೀ. ಭಾಂಡೆ, ಹಾಸಿಗಿ, ಕಡೀಕ ಮನಿನೂ ನನ್ನ ಹೆಸರಿಗಿ ಮಾಡಿದಳು. ನಾ ಆಗ ಇಷ್ಟಿದ್ನಿ. ಮರುದಿನ ಎದ್ದು ನೋಡ್ತಾಳ, ಗ್ವಾಡಿ ಇಲ್ಲ. ನನಗ ಐತಿ, ಆಕಿಗಿಲ್ಲ. ನಡುಮನ್ಯಾಗ ಕುಂತು ಓಣ್ಯಾಗ ಹೋಗೋರನ್ನ ಮಾತಾಡಸಾಕಿ. ಅವರಿಗೆ ಆಕಿ ಕಾಣಂಗಿಲ್ಲ, ಗ್ವಾಡಿ ಒಳಗಿಂದ ದನಿ ಬರೂದು. ಸೀರಿ ಉಟ್ಕೋಬೇಕಂದ್ರ ನಾಚಿಕಿ ಬಂದು ಮೂಲ್ಯಾಗ ಹೋಗಿ ಕುಂದರಾಕಿ. ಆ ಮೂಲಿನೂ ಕೈಯಿಂದ ಹುಡಕಬೇಕು.”

“ಅಂಜಿಕೆ ಆಗ್ತಿತ್ತೇನು ಅವರಿಗೆ?”

“ಆಕಿಗೇನಿಲ್ಲ. ಗಾಳಿ ಭಾಳ ಛಲೋ ಬರ್ತೈತಿ ಅಂತಿದ್ದಳು.” ಲೋಟ ನನ್ನ ಕಡೆ ಸರಿಸಿದ. “ಅಂಜಿಕಿ ನನಗ ಆಗಿತ್ತರೀ.”

ಆಮೇಲೆ ಎದ್ದು ಏಣಿ ಹತ್ತಿದ. ಸಂಜೆಯ ಹೊತ್ತಿಗೆ ಮೂರು ಪಟ್ಟಿ ಬಿಗಿದಾಗಿತ್ತು. ನಮಗೆ ಅವು ಗಾಳಿಯಲ್ಲಿ ತೇಲುವ ಮೂರು ಕಬ್ಬಿಣದ ಬಳೆಗಳಂತೆ ಕಾಣುತ್ತಿದ್ದವು. ನಡುವಿನ ಹಗ್ಗ ಮತ್ತೆ ದುಂಡಗಾಗಿತ್ತು. ಹುಲಿಗೆಮ್ಮ ಕೆಳಗಿನಿಂದ ಅದನ್ನು ನೋಡಿ ಹೌದೆಂದು ತಲೆಯಾಡಿಸುವವರೆಗೆ ಕರವೀರಪ್ಪ ಇಳಿಯಲಿಲ್ಲ.

ಕಾರ್ಯಕ್ರಮದ ದಿನ ಊರಿಗೆ ಊರೇ ಬಂತು. ಒಬ್ಬೊಬ್ಬರಿಗೂ ಅವರದೇ ತಿಮಿಂಗಿಲ ಕಂಡಿತು. ಕೊಡೆಯವರಿಗೆ ಚರ್ಮವಿಲ್ಲದ ಬುಟ್ಟಿಯಂಥದ್ದು, ಮೇದಾರರಿಗೆ ಎಲುಬಿಲ್ಲದೆ ಉಬ್ಬಿ ನಿಂತ ಕರೀ ಬಟ್ಟೆ. ಈರವ್ವ ತನಗೆ ಕಾಣದ ಕಸಬರಿಗೆಗಳ ನಡುವೆ ನುಸುಳುವಾಗ ಮುಖಕ್ಕೆ ಪರಚಿತೆಂದು ನಕ್ಕಳು. ಮಾಸ್ತರರು ಕಾಣದ ನಾಲಿಗೆಯ ಮೇಲೆ ಜೀಕುವ ಮಕ್ಕಳನ್ನು ನೋಡಿದರು. ಅವರ ಕಣ್ಣಿಗೆ ಮಕ್ಕಳು ಏನೂ ಇಲ್ಲದೆ ಗಾಳಿಯಲ್ಲಿ ಹೋಗಿ ಬರುತ್ತಿದ್ದರು. ಎಲ್ಲರೂ ಒಳಗಿರುವಾಗಲೇ ಮೂಡಣದಿಂದ ಗಾಳಿ ಎದ್ದಿತು. ಬೇವಿನ ಮರ ಕಿರುಗುಟ್ಟಿತು. ತಗಡು ಬಡಬಡಿಸಿತು, ಬಾಲ ಒಮ್ಮೆ ಮೇಲೆದ್ದು ಬಿತ್ತು. ನೂರಾರು ಮುಖಗಳು ಮೇಲೆ ತಿರುಗಿ ಆ ಮೂರು ಪಟ್ಟಿಗಳನ್ನು ನೋಡುತ್ತಿದ್ದವು. ಅವು ಕದಲಲಿಲ್ಲ. ಗಾಳಿ ತಗ್ಗಿದ ಮೇಲೆ ಯಾರೋ ಮೊದಲು ಕೆಮ್ಮಿದರು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಕರವೀರಪ್ಪನನ್ನು ಹುಡುಕಿದೆ. ಅವನು ಹೊರಗೆ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ. ಹುಲಿಗೆಮ್ಮ ಅವನ ಮುಂದೆ ಬೋಗುಣಿ ಹಿಡಿದಿದ್ದಳು.

“ಈಗರ ಒಂದು ಮುಷ್ಟಿ ಹಾಕ್ರೀ. ಎಲ್ಲಾರೂ ಹಾಕ್ಯಾರ.”

“ನಾ ಹಾಕಿದ್ರ ತೊಲಿ ನೋಡಾವ್ರು ಯಾರವ್ವ?” ಎಂದ. ಅವಳು ಬೋಗುಣಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

ಅಲ್ಲಿಂದ ಮುಂದೆ ಪ್ರತಿ ಸಂತೆಯ ದಿನ ಬೆಳಿಗ್ಗೆ ಅವನು ಬಂದು ಒಮ್ಮೆ ಒಳಗೆ ಹೊಕ್ಕು ನೋಡಿ ಹೋಗುತ್ತಿದ್ದ. ಮಕ್ಕಳು ತೊಟ್ಟಿಗೆ ನೀರು ಹಾಕುತ್ತಿದ್ದರು. ಹಾಕುವ ನೆಪದಲ್ಲಿ ಗಂಟೆಗಟ್ಟಲೆ ಅಲ್ಲಿ ನಿಂತು, ಚೈನು ಹೇಗೆ ಹಲ್ಲಿಗೆ ಕೂರುತ್ತದೆ, ಬ್ರೇಕ್ ಯಾಕೆ ಕೂಗುತ್ತದೆ ಎಂದು ಅವನ ತಲೆ ತಿನ್ನುತ್ತಿದ್ದರು. ಒಂದು ದಿನ ಅವನು ಚಕ್ರ ಬಿಚ್ಚಿ ತರಗತಿಗೇ ತಂದು ತೋರಿಸಿದ. ಹೋಗುವಾಗ ಮರೆಯದೆ ವಾಪಸು ತೆಗೆದುಕೊಂಡು ಹೋದ.

ದಸರೆಗೆ ರಜೆ ಬಂತು. ರಜೆ ಮುಗಿದು ಶಾಲೆ ತೆರೆದ ಮೇಲೆ ಪರೀಕ್ಷೆ, ಕ್ರೀಡಾಕೂಟ, ಒಂದರ ಮೇಲೊಂದು. ಒಂದು ಸಂಜೆ ಪೇಟೆಯಲ್ಲಿ ಹೋಗುವಾಗ ಕರವೀರಪ್ಪ ಎರಡು ಕೊಡ ಹಿಡಿದು ಬೀದಿಯ ನಲ್ಲಿಯಿಂದ ಬರುತ್ತಿದ್ದ.

“ಮಕ್ಕಳು ನೀರು ತರ್ತಿಲ್ಲೇನ್ರಿ?” ಎಂದೆ ಗಾಬರಿಯಾಗಿ. “ನಾಳೆಯಿಂದ ಕಳಸ್ತೀನಿ. ಮರ್ತೇ ಹೋಗೈತಿ ನಮಗ.”

“ಬಿಡ್ರಿ ಅಕ್ಕೋರೆ, ಪರೀಕ್ಷಾ ಅದಾವಂತ. ಓದ್ಕೊಳ್ಳಿ,” ಎಂದು ಕೊಡ ಇಳಿಸಿ ತೊಟ್ಟಿಗೆ ಸುರಿದ. ನಾನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅವನೂ ಯೋಚಿಸಿರಲಿಕ್ಕಿಲ್ಲ.

ಮುಂದಿನ ಸಂತೆಯ ದಿನ ನಾನು ಹಾಜರಿ ಕರೆಯುತ್ತಿದ್ದಾಗ ಅಂಗಳದಲ್ಲಿ ಕೂಗು ಕೇಳಿತು. ಓಡಿ ಹೋದೆ. ಕರವೀರಪ್ಪ ತಿಮಿಂಗಿಲದ ಬಾಯೊಳಗಿನಿಂದ ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಹೊರಗೆ ಎಳೆಯುತ್ತಿದ್ದ. “ಪಟ್ಟಿ ಯಾರು ಬಿಚ್ಯಾರ? ಯಾರು ಬಿಚ್ಯಾರ ಪಟ್ಟಿ?” ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

ನಾನು ಮೇಲೆ ನೋಡಿದೆ. ಮೂರೂ ಪಟ್ಟಿ ಇದ್ದಲ್ಲೇ ಇದ್ದವು.

“ಅಲ್ಲೇ ಅದಾವಲ್ರೀ, ಮೂರೂ,” ಎಂದಳು ಹುಲಿಗೆಮ್ಮ.

ಅವನು ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನಿಗೆ ಅರ್ಥವಾದದ್ದು ನನಗೆ ಅವನ ಕೈಯಲ್ಲಿ ಕಂಡಿತು. ಮಗುವೊಂದರ ರಟ್ಟೆ ಹಿಡಿದಿದ್ದ ಕೈ ತಾನಾಗಿ ಬಿಟ್ಟುಕೊಂಡಿತು. ಅವನು ಏಣಿ ತಂದ. ಒಂದೊಂದೇ ಮೆಟ್ಟಿಲು ಹತ್ತಿ, ಕೈ ಮುಂದಕ್ಕೆ ಚಾಚಿ, ಬಿಸಿ ಹಂಚು ಮುಟ್ಟುವವನಂತೆ ಮುಟ್ಟಿದ. ಅವನ ಅಂಗೈ ನಡುವಿನ ಪಟ್ಟಿಯ ಮೇಲೆ ಕೂತದ್ದು ನಮಗೆಲ್ಲ ಕಾಣುತ್ತಿತ್ತು. ಅವನು ಬೇರೆಲ್ಲೋ ನೋಡುತ್ತಿದ್ದ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಯಾವಾಗ ಕೊಟ್ಟೆ ಎಂದು ಅವನು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಹುಡುಕುತ್ತಿದ್ದನೋ ಏನೋ. ನನಗೆ, ಅವನು ‘ಬಿಡ್ರಿ’ ಎಂದು ಬಾಡಿಗೆಯ ನೀರನ್ನು ತಾನೇ ತೊಟ್ಟಿಗೆ ಸುರಿದ ಆ ಸಂಜೆ ನೆನಪಾಯಿತು.

ಕೊನೆಗೆ ಅವನು ತೊಲೆಯ ಕಡೆ ತಿರುಗಿದ. “ಬಿರುಕು ಒಂದೀಟು ಮುಂದ ಬಂದಂಗ ಕಾಣ್ತೈತಿ. ಪಟ್ಟಿ ದಾಟೈತೋ ಇಲ್ಲೋ ತಿಳೀವಲ್ದು.”

“ಬಿರುಕು ನನಗ ಕಾಣಂಗಿಲ್ರೀ,” ಎಂದಳು ಹುಲಿಗೆಮ್ಮ ಕೆಳಗಿನಿಂದ.

“ಪಟ್ಟಿ ನನಗ ಕಾಣಂಗಿಲ್ಲವ್ವ.”

ಅವಳು ಸ್ವಲ್ಪ ಯೋಚಿಸಿದಳು. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿಯ ಇನ್ನೊಂದು ಮಗ್ಗುಲಿನಿಂದ ಹತ್ತಿದಳು. ನಾನು ಬೇಡವೆನ್ನುವ ಮೊದಲೇ ಅವನ ಎದುರಿಗೆ ತಲುಪಿದ್ದಳು. ತೋರುಬೆರಳನ್ನು ಪಟ್ಟಿಯ ಅಂಚಿನ ಮೇಲೆ ಇಟ್ಟಳು.

“ಪಟ್ಟಿ ಇಲ್ಲಿಗೆ ಮುಗೀತೈತ್ರಿ.”

ಅವನು ಕಣ್ಣು ಕಿರಿದು ಮಾಡಿ ಅವಳ ಬೆರಳ ತುದಿಯನ್ನು ನೋಡಿದ. ಅಲ್ಲಿಂದ, ನಮಗೆ ಯಾರಿಗೂ ಕಾಣದ ತೊಲೆಯ ಮೇಲೆ, ಕಣ್ಣಿನಿಂದಲೇ ಅಳೆಯುತ್ತ ಹಿಂದಕ್ಕೆ ಬಂದ.

“ದಾಟಿಲ್ಲ,” ಅಂದ. “ಗೇಣು ಈಚೀಕ ನಿಂತೈತಿ. ತಡಿ, ಬೆರಳು ತಗೀಬ್ಯಾಡ. ಇನ್ನೊಂದು ಸಲ ನೋಡ್ತೀನಿ.”